ಕೊರಳಿಗೆ ಹಾಕುವ ಬಿಲ್ಲೆ

ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಮೊನ್ನೆ ಹಳೆಯ ಸೂಟ್‌ಕೇಸು ತೆಗೆದಾಗ, ಶಾಲಿನ ಮಡಿಕೆಯೊಳಗಿಂದ ಆ ಮರದ ಬಿಲ್ಲೆ ಕೆಳಗೆ ಬಿತ್ತು. ಅಂಗೈಯಗಲ, ಮೇಲೊಂದು ತೂತು, ತೂತಿನಲ್ಲಿ ಬೆವರಿಗೆ ಕಪ್ಪಾದ ದಾರ. ಮೂಸಿ ನೋಡಿದೆ. ಟೀಚರ್ ಕಪಾಟಿನ ನುಸಿಗುಳಿಗೆಯ ವಾಸನೆ ಇನ್ನೂ ಹೋಗಿಲ್ಲ.

ಅವರನ್ನು ನಾನು ಟೀಚರ್ ಎಂದೇ ಕರೆಯುತ್ತಿದ್ದೆ. ಧಾರವಾಡದವರು. ಗಂಡನ ಕೆಲಸದ ಜೊತೆ ಟಾಂಜಾನಿಯಾಕ್ಕೆ ಹೋಗಿ, ಅಲ್ಲಿ ದೊಡ್ಡ ಸರೋವರವೊಂದರ ದಂಡೆಯ ಹೈಸ್ಕೂಲಿನಲ್ಲಿ ಬಹಳ ವರ್ಷ ಗಣಿತ ಕಲಿಸಿದ್ದರು. ಗಂಡ ತೀರಿಕೊಂಡ ಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರ್ ಆಗಿದ್ದ ಒಬ್ಬಳೇ ಮಗಳ ಮನೆಗೆ ಬಂದು ಸೇರಿದ್ದರು. ಎರಡು ಸಾವಿರದ ಹತ್ತರ ನಂತರದ ವರ್ಷಗಳು ಅವು. ನಾನು ಅದೇ ಊರಿನ ಸೆಲ್ಲಿ ಓಕ್‌ನ ಸಾಲುಮನೆಯೊಂದರಲ್ಲಿ ಬಾಡಿಗೆ ಕೋಣೆ ಹಿಡಿದು, ಪೂರ್ವ ಆಫ್ರಿಕಾದ ಶಾಲೆಗಳಲ್ಲಿ ಮಕ್ಕಳು ಏಕೆ ಹಿಂದೆ ಬೀಳುತ್ತಾರೆ ಎಂದು ಪಿಎಚ್‌ಡಿ ಮಾಡುತ್ತಿದ್ದೆ. ಆಫ್ರಿಕಾದ ನೆಲ ತುಳಿದವಳಲ್ಲ. ಯಾರೋ ಕಲೆಹಾಕಿದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಕುಟ್ಟಿ ಪುಡಿ ಮಾಡುವುದೇ ನನ್ನ ಸಂಶೋಧನೆ. ಅಲ್ಲಿಯ ಕನ್ನಡಿಗರ ಯುಗಾದಿ ಊಟದಲ್ಲಿ ಇದನ್ನು ಕೇಳಿ ಟೀಚರ್ ಬಾಯಿಗೆ ಸೆರಗು ಹಿಡಿದು ನಕ್ಕರು. ಶನಿವಾರ ಮನೆಗೆ ಬಾ, ಊಟ ಹಾಕಿ ಪಾಠವನ್ನೂ ಹೇಳುತ್ತೇನೆ ಎಂದರು.

ಹಾಗೆ ಶನಿವಾರಗಳು ಶುರುವಾದವು. ಚಪಾತಿ, ಶೇಂಗಾ ಹಿಂಡಿ, ಮೊಸರು. ಊಟದ ನಡುವೆ ಟೀಚರ್ ಹೇಳುತ್ತಿದ್ದರು: ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳು, ಮೈಲಿಗಟ್ಟಲೆ ನಡೆದು ಬಂದು ಮೊದಲ ಪಿರಿಯಡ್ಡಿಗೇ ತೂಕಡಿಸುವವರು, ನೀರು ಹೊರಲು ಮನೆಯಲ್ಲೇ ಉಳಿಯುವ ಹೆಣ್ಣುಮಕ್ಕಳು. ಇದೆಲ್ಲ ನನ್ನ ಅಂಕಿಗಳಲ್ಲೂ ಇತ್ತು. ಆ ಮನೆಯಲ್ಲಿ ಮಾತ್ರ ಒಂದು ವಿಚಿತ್ರ ಕಂಡೆ. ಟೀಚರ್ ನನ್ನ ಜೊತೆ ಅಚ್ಚ ಧಾರವಾಡದ ಕನ್ನಡ ಆಡುತ್ತಿದ್ದವರು, ಮಗಳು ಒಳಗೆ ಬಂದ ಕೂಡಲೇ ಇಂಗ್ಲಿಷಿಗೆ ತಿರುಗುತ್ತಿದ್ದರು. ಮಗಳಿಗೆ ಕನ್ನಡ ಬರುತ್ತಿರಲಿಲ್ಲ. ಪರದೇಶದಲ್ಲಿ ಹುಟ್ಟಿದ ಕೂಸು ಹಿಂದೆ ಬೀಳಬಾರದೆಂದು ಟೀಚರೇ ಮನೆಯಲ್ಲಿ ಕನ್ನಡವನ್ನು ಬಂದ್ ಮಾಡಿದ್ದರಂತೆ.

ಒಂದು ಶನಿವಾರ, ಮಗಳು ಡ್ಯೂಟಿಗೆ ಹೋಗಿದ್ದಾಗ, ಕಪಾಟಿನಿಂದ ಈ ಬಿಲ್ಲೆಯನ್ನು ತಂದು ಟೇಬಲ್ಲಿನ ಮೇಲಿಟ್ಟರು. ಟಾಂಜಾನಿಯಾದ ಮಕ್ಕಳು ಪ್ರೈಮರಿಯನ್ನು ತಮ್ಮ ಸ್ವಾಹಿಲಿಯಲ್ಲಿ ಓದಿ ಬರುತ್ತಾರೆ, ಹೈಸ್ಕೂಲು ಪೂರ್ತಿ ಇಂಗ್ಲಿಷು. ಸ್ವಾಹಿಲಿ ಆಡಿ ಸಿಕ್ಕಿಬಿದ್ದವರ ಕೊರಳಿಗೆ ಈ ಬಿಲ್ಲೆ. ಅವರು ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಬಿಲ್ಲೆ ಆ ಕೊರಳಿಗೆ ದಾಟುತ್ತದೆ. ಇಲ್ಲವಾದರೆ ಸಂಜೆ ಅಂಗಳ ಗುಡಿಸಬೇಕು. ಮೀನುಗಾರರ ಮನೆಯ ಹುಡುಗಿಯೊಬ್ಬಳಿದ್ದಳಂತೆ, ಲೆಕ್ಕದಲ್ಲಿ ಇಡೀ ತರಗತಿಗೆ ಮುಂದು. ಪಕ್ಕದವಳಿಗೆ ಒಂದು ಲೆಕ್ಕ ಬಿಡಿಸುವ ಬಗೆಯನ್ನು ಸ್ವಾಹಿಲಿಯಲ್ಲಿ ಪಿಸುಗುಟ್ಟಿದಳು. ಟೀಚರ್ ಕೇಳಿಸಿಕೊಂಡರು, ಬಿಲ್ಲೆ ಹಾಕಿದರು. ಹುಡುಗಿ ಯಾರನ್ನೂ ಹಿಡಿದುಕೊಡಲಿಲ್ಲ. ಗುಡಿಸಿದಳು. ಮರುದಿನದಿಂದ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಬೋರ್ಡಿಗೆ ಕರೆದರೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುವಳು... ಎರಡನೆಯ ವರ್ಷದ ಪರೀಕ್ಷೆಯಲ್ಲಿ ಫೇಲಾಗಿ ಶಾಲೆ ಬಿಟ್ಟಳು. ಮತ್ತೆ ಎಲ್ಲಿ ಹೋದಳೋ ತಿಳಿಯಲಿಲ್ಲ.

“ಹಸಿವು, ದೂರ, ನೀರು, ಎಲ್ಲಾ ಬರ್ಕೋ ನೀ,” ಎಂದರು ಟೀಚರ್. “ಅದರ ಕೆಳಗ ನನ್ನನ್ನೂ ಒಂದು ಕಾರಣ ಅಂತ ಬರಿ.”

ನಾನೂ ಕನ್ನಡ ಮೀಡಿಯಂನವಳು. ಪಿಯುಸಿಯಲ್ಲಿ ಒಂದು ವರ್ಷ ಕೊನೆಯ ಬೆಂಚಿನಲ್ಲಿ ಮೂಕಿಯಾಗಿ ಕೂತವಳು. ಟೀಚರ್ ಮೇಲೆ ಸಿಟ್ಟು ಬಂತು. ಆಮೇಲೆ ಅವರ ಮುಖ ನೋಡಿ ಅದೂ ಇಳಿದುಹೋಯಿತು.

ಮರುವರ್ಷದ ಚಳಿಗಾಲದಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಬಲಗೈ ಹೋಯಿತು. ಇಂಗ್ಲಿಷೂ ಹೋಯಿತು. ಉಳಿದದ್ದು ತೊದಲುವ ಕನ್ನಡ. ಎರಡನೆಯ ಭಾಷೆ ಹೀಗೆ ಅಳಿಸಿಹೋಗುವುದುಂಟು ಎಂದು ಮಗಳೇ ನನಗೆ ಫೋನಿನಲ್ಲಿ ವಿವರಿಸಿದಳು, ಡಾಕ್ಟರ್ ಧ್ವನಿಯಲ್ಲಿ. ಆಮೇಲೆ ಆ ಧ್ವನಿ ಒಡೆಯಿತು. ಅಮ್ಮ ಏನೋ ಹೇಳುತ್ತಾಳೆ, ನನಗೊಂದೂ ತಿಳಿಯುತ್ತಿಲ್ಲ, ದಯವಿಟ್ಟು ಬಾ ಎಂದಳು.

ದಿನಾ ಹೋದೆ. ಟೀಚರ್ ಹೇಳಿದ್ದನ್ನು ಮಗಳಿಗೆ, ಮಗಳು ಹೇಳಿದ್ದನ್ನು ಟೀಚರ್‌ಗೆ ದಾಟಿಸಿದೆ. ನೀರು, ದಿಂಬು, ನೋವು ಇಷ್ಟನ್ನು ದಾಟಿಸಬಹುದಿತ್ತು. ಒಬ್ಬ ತಾಯಿ ಮಗಳ ಜೊತೆ ಆಡಬೇಕಾದ ಮಿಕ್ಕ ಮಾತನ್ನು ಮೂರನೆಯವರ ಬಾಯಲ್ಲಿ ಹೇಗೆ ಆಡಿಸುವುದು? ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುವುದು ಬಿಟ್ಟು.

ಟೀಚರ್ ಬದುಕಿನ ಕೊನೆಯ ವಾರದ ಒಂದು ಮಧ್ಯಾಹ್ನ ಮಗಳು ಕ್ಲಿನಿಕ್ಕಿನಿಂದ ನೇರ ಬಂದಳು. ಕೊರಳಿನಲ್ಲಿ ಅವಳ ಕೆಲಸದ ಗುರುತಿನ ಚೀಟಿ ತೂಗುತ್ತಿತ್ತು. ಬಗ್ಗಿ ಹಣೆ ಮುಟ್ಟಿದಾಗ ಟೀಚರ್ ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದು ಎಳೆದರು.

“ತಗೀ ಇದನ್ನ. ಯಾರು ಹಾಕ್ಯಾರ ನಿನಗ? ತಗದು ಮಾತಾಡು.”

ಅಮ್ಮ ಏನಂದಳು ಎಂದು ಮಗಳು ನನ್ನನ್ನು ಕೇಳಿದಳು. ಅದನ್ನು ತೆಗೆದು ಮಾತಾಡಬೇಕಂತೆ ಎಂದಷ್ಟೇ ಹೇಳಿದೆ. ಅವಳು ದಾರವನ್ನು ತಲೆಯ ಮೇಲಿಂದ ಬಿಡಿಸಿ ಜೇಬಿಗೆ ಹಾಕಿಕೊಂಡಳು. ಟೀಚರ್ ಕಾದರು. ಅಷ್ಟು ಆಸೆಯಿಂದ ಯಾರಾದರೂ ಇನ್ನೊಬ್ಬರ ತುಟಿ ನೋಡಿದ್ದನ್ನು ನಾನು ಮತ್ತೆ ಕಂಡಿಲ್ಲ. ಮಗಳು ಬಾಯಿ ತೆರೆದಳು, ಮುಚ್ಚಿದಳು. ಆಡಲು ಅವಳ ಹತ್ತಿರ ಕನ್ನಡದ ಒಂದು ಶಬ್ದವೂ ಇರಲಿಲ್ಲ.

ಟೀಚರ್ ಹೋದ ಮೇಲೆ ಕಪಾಟು ಖಾಲಿ ಮಾಡುವಾಗ ಈ ಬಿಲ್ಲೆ ಮಗಳ ಕೈಗೆ ಸಿಕ್ಕಿತು. ಏನಿದು ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಅದನ್ನು ತಿರುಗಿಸಿ ನೋಡಿ, ಅಮ್ಮ ನನಗೆ ಇದನ್ನು ಯಾವತ್ತೂ ಹಾಕಲಿಲ್ಲ, ಹಾಕುವ ಅಗತ್ಯವೇ ಬೀಳಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಬಿಲ್ಲೆಯನ್ನು ನನ್ನ ಕೈಗಿಟ್ಟಳು.

ನನ್ನ ಪಿಎಚ್‌ಡಿ ಮುಗಿಯಿತು. ಹಸಿವು, ದೂರ, ನೀರು ಎಲ್ಲ ಅದರಲ್ಲಿವೆ. ಟೀಚರ್ ಬರೆಸಿದ ಕಾರಣಕ್ಕೆ ಅಂಕಿಯಿಲ್ಲವೆಂದು ಗೈಡ್ ಹೊಡೆದು ಹಾಕಿಸಿದರು. ಸರೋವರದ ದಂಡೆಯ ಆ ಹುಡುಗಿಗೂ ಈಗ ಕೂದಲು ನೆರೆತಿರಬೇಕು, ಬದುಕಿದ್ದರೆ... ಎಸೆಯೋಣವೆಂದು ಮೊನ್ನೆ ಬಿಲ್ಲೆ ಹಿಡಿದು ತೊಟ್ಟಿಯವರೆಗೆ ಹೋದೆ. ಆಗಲಿಲ್ಲ. ಒಳಗೆ ಬಂದು, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ, ಆ ಮಧ್ಯಾಹ್ನ ಮಗಳು ಆಡಬೇಕಿದ್ದ ಮಾತನ್ನು ಕನ್ನಡದಲ್ಲಿ ಗಟ್ಟಿಯಾಗಿ ಆಡಿದೆ. ಅವ್ವಾ, ನಾನಿಲ್ಲೇ ಇದ್ದೀನಿ ಅಂತ. ಕೇಳಬೇಕಾದವರು ಯಾರೂ ಇರಲಿಲ್ಲ.