ಮೇ ತಿಂಗಳಿಗೆ ಚಿತ್ರವಿರಲಿಲ್ಲ

ಆ ಕ್ಯಾಲೆಂಡರನ್ನು ನನ್ನ ಗಂಡ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಅವರು ಬಹರೈನಿನ ಮೀನಾ ಸಲ್ಮಾನ್ ಬಂದರಿನಲ್ಲಿ ಬೆಲ್ಜಿಯಂನವರ ಹಡಗೊಂದರಲ್ಲಿ ಪಂಪ್ ಮೆಕ್ಯಾನಿಕ್. ಕಡಲಡಿಯ ಮರಳು ಬಗೆದು, ಪೈಪಿನಲ್ಲಿ ಎಳೆದು, ದಡಕ್ಕೆ ಸುರಿದು ಹೊಸ ನೆಲ ಮಾಡುವ ಹಡಗು ಅದು. ಕ್ಯಾಲೆಂಡರಿನಲ್ಲಿ ಇದ್ದದ್ದು ಆ ಸಾಹೇಬರ ಕಡೆಯ ಹಳೆಯ ಕಾಲದ ಚಿತ್ರಕಾರನೊಬ್ಬ ಬರೆದ ಋತುಗಳು. ಎರಡೆರಡು ತಿಂಗಳಿಗೆ ಒಂದು ಹಾಳೆ. ಜಿಂಜ್ ಬಡಾವಣೆಯ ನಮ್ಮ ಮನೆಯಲ್ಲಿ ಅದನ್ನು ಏಸಿಯ ಪಕ್ಕದ ಮೊಳೆಗೆ ತೂಗುಹಾಕಿದೆವು. ನನಗೆ ಅಲ್ಲಿ ಗೊತ್ತಿದ್ದ ಋತುಗಳು ಎರಡೇ, ಏಸಿ ಹಾಕುವ ಕಾಲ ಮತ್ತು ಆರಿಸುವ ಕಾಲ.

ನಾನಾಗ ಬಸುರಿ. ಅದಕ್ಕೆ ಮೊದಲು ಎರಡು ಸಲ ನಿಂತದ್ದು ಉಳಿದಿರಲಿಲ್ಲ. ಈ ಸಲ ಮೇ ತಿಂಗಳಲ್ಲಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಮೊದಲು ಮೇ ತಿಂಗಳ ಹಾಳೆಯನ್ನೇ ತೆರೆದು ನೋಡಿದೆ. ಚಿತ್ರವಿರಲಿಲ್ಲ, ಕಂಪನಿಯ ಹಡಗಿನ ಫೋಟೋ ಇತ್ತು. ಇವರು ಸಾಹೇಬರನ್ನು ವಿಚಾರಿಸಿ ಬಂದರು. ಚಿತ್ರಕಾರ ಬರೆದದ್ದು ಆರಂತೆ, ಈಗಿರುವುದು ಐದು. ವಸಂತದ್ದು ಯಾವ ಕಾಲದಲ್ಲೋ ಕಳೆದುಹೋಗಿದೆ. ನನಗೆ ಸಿಟ್ಟು ಬಂತು. ಕಳೆದುಕೊಳ್ಳಲು ಅವರಿಗೆ ಬೇರೆ ಯಾವುದೂ ಸಿಗಲಿಲ್ಲವೇ?

ಮೊದಲ ಹಾಳೆಯಲ್ಲಿ ಹಿಮ. ಮೂವರು ಬೇಟೆಗಾರರು ನಾಯಿಗಳ ಜೊತೆ ತಲೆ ತಗ್ಗಿಸಿ ಊರಿಗೆ ಮರಳುತ್ತಿದ್ದಾರೆ. ಸಿಕ್ಕಿದ್ದು ಒಂದು ಬಡಕಲು ನರಿ. ಕೆಡ್ಡಸದ ಬೇಟೆಗೆ ಹೋದವರ ಹಾಗೆಯೇ ಇದ್ದಾರೆ ಎಂದು ಇವರು ನಕ್ಕರು. ಕೆಡ್ಡಸವೆಂದರೆ ನಮ್ಮ ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾಗುವ ಮೂರು ದಿನ, ಫೆಬ್ರವರಿಯಲ್ಲಿ ಬರುತ್ತದೆ. ಗಂಡಸರು ಬೇಟೆಗೆ ಹೋಗುತ್ತಾರೆ. ನೆಲಕ್ಕೆ ಮಾತ್ರ ಯಾರೂ ಹಾರೆ ಹಾಕುವುದಿಲ್ಲ. ಕಡೆಯ ದಿನ ಅವಳ ಸ್ನಾನಕ್ಕೆಂದು ನೆಲದ ಮೇಲೆ ಎಣ್ಣೆ, ಅರಿಶಿನ, ಸೀಗೆಪುಡಿ ಇಡುತ್ತೇವೆ. ಮಿಂದೆದ್ದ ಮೇಲೆ ಅವಳು ಬಸುರಿಗೆ ತಯಾರು.

ಅವರು ನಗುತ್ತಿರುವಾಗಲೇ ನನಗೆ ಅವರ ಕೆಲಸ ನೆನಪಾಯಿತು. ಬೆಳಗಿನಿಂದ ಸಂಜೆಯವರೆಗೆ ಅವರದು ನೆಲ ಬಗೆಯುವ ಕೆಲಸವೇ ಅಲ್ಲವೇ? ಆ ಮೂರು ದಿನ ರಜೆ ಹಾಕಿ ಎಂದೆ.

"ಕಡಲಡಿಯ ಮರಳಿಗೆ ಎಂಥ ಕೆಡ್ಡಸ ಮಾರಾಯ್ತಿ? ಇದು ಅರಬರ ನೆಲ."

"ನೆಲದಲ್ಲಿ ಅರಬರದ್ದು, ತುಳುವರದ್ದು ಅಂತ ಉಂಟಾ?"

ರಜೆಯ ಕಾರಣ ಹೇಳಿದರೆ ಫೋರ್‌ಮನ್ ನಗುತ್ತಾನೆಂಬ ನಾಚಿಕೆ ಅವರಿಗೆ. ಕೆಡ್ಡಸದ ಮೂರೂ ದಿನ ಎಂದಿನಂತೆ ಟಿಫಿನ್ ಹಿಡಿದು ಹೊರಟರು. ಕಡೆಯ ದಿನ ನಾನು ಬಾಲ್ಕನಿಯಲ್ಲಿ ಹಾಲುಪುಡಿಯ ಡಬ್ಬಿಯಲ್ಲಿ ನೆಟ್ಟಿದ್ದ ತುಳಸಿಯ ಬುಡಕ್ಕೆ ಎಣ್ಣೆ ಬಿಟ್ಟೆ. ಅಕ್ಕಿ ಹುರಿದು ಪುಡಿ ಮಾಡಿ, ಬೆಲ್ಲ, ತೆಂಗಿನಕಾಯಿ ಕಲಸಿ ಇಟ್ಟೆ. ಸಂಜೆ ಅವರೂ ತಿಂದರು. ಅವರ ಉಗುರುಗಳ ಸಂದಿಯಲ್ಲಿ ಬೂದು ಮರಳಿತ್ತು.

ಮಾರ್ಚಿಗೆ ಹಾಳೆ ತಿರುಗಿತು. ಕಪ್ಪು ಮೋಡ, ಕೆರಳಿದ ನೀರು, ದಿಕ್ಕೆಟ್ಟ ಹಡಗುಗಳು. ಮುಂದುಗಡೆ ಜನ ಮರದ ಕೊಂಬೆ ಕಡಿಯುತ್ತಿದ್ದರು, ಅವರ ಹತ್ತಿರ ಕಾಗದದ ಕಿರೀಟ ಇಟ್ಟುಕೊಂಡ ಒಂದು ಮಗು. ಮಧ್ಯಾಹ್ನವೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟು ಆ ಮಗುವನ್ನೇ ನೋಡುತ್ತಿದ್ದೆ.

ಏಪ್ರಿಲಿನಲ್ಲಿ ಒಂದು ದಿನ ಒದೆತ ನಿಂತಿತು. ಸಲ್ಮಾನಿಯಾ ಆಸ್ಪತ್ರೆಯಲ್ಲಿ ನಮ್ಮ ಮಂಗಳೂರು ಕಡೆಯ ನರ್ಸ್ ಒಬ್ಬಳು ಹೊಟ್ಟೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದಳು. ಆಮೇಲೆ ನನ್ನ ಮುಖ ನೋಡದೆ ಡಾಕ್ಟರನ್ನು ಕರೆಯಲು ಹೋದಳು. ಗಂಡು ಮಗು. ತಲೆಗೂದಲು, ಉಗುರು ಎಲ್ಲ ಇತ್ತು, ಉಸಿರಿರಲಿಲ್ಲ. ಇನ್ನು ಮಕ್ಕಳ ಆಸೆ ಬೇಡ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಕಾರಣವನ್ನೂ ಹೇಳಿದರು, ಅದರಲ್ಲಿ ಮರಳಿನ ಮಾತಿರಲಿಲ್ಲ. ಇವರು ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಂಡುಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಆ ದಿನವೂ ನೆಲ ಅಗೆದವರು ಅವರೇ.

ಮೇ ಬಂದಾಗ ಹಾಳೆ ತಿರುಗಿಸಿದವಳು ನಾನು. ಎರಡು ತಿಂಗಳು ಅವರ ಹಡಗು ನಮ್ಮ ಗೋಡೆಯ ಮೇಲೆ ನಿಂತಿತ್ತು. ಆಮೇಲೆ ಹುಲ್ಲಿನ ಕೊಯ್ಲು ಬಂತು, ಗೋಧಿಯ ಕೊಯ್ಲು ಬಂತು, ದನಗಳು ಮನೆಗೆ ಮರಳಿದವು. ಗೋಡೆಯ ಮೇಲಿನವರಿಗೆಲ್ಲ ಮಾಡಲು ಏನಾದರೂ ಕೆಲಸವಿತ್ತು. ನಮ್ಮಿಬ್ಬರಿಗೆ ಊಟ ಆಯಿತೇ ಎಂಬುದರ ಆಚೆ ಮಾತೇ ಇರಲಿಲ್ಲ. ಕೆಡ್ಡಸದ ಹೆಸರನ್ನು ನಾನು ಒಮ್ಮೆಯೂ ಎತ್ತಲಿಲ್ಲ. ಎತ್ತದಿದ್ದರೂ ಅವರಿಗೆ ಕೇಳಿಸುತ್ತಿತ್ತು.

ಮರುವರ್ಷ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಅವರು ಡ್ಯೂಟಿಗೆ ಹೊರಡಲಿಲ್ಲ. ಜ್ವರವೇ ಎಂದು ಕೇಳಿದೆ.

"ಮೂರು ದಿವಸ ರಜೆ ಹಾಕಿದ್ದೇನೆ," ಎಂದರು.

ನನಗೆ ದಿನವೇ ಮರೆತುಹೋಗಿತ್ತು. ತುಳಸಿ ಹಿಂದಿನ ಬೇಸಗೆಯಲ್ಲೇ ಒಣಗಿ, ಡಬ್ಬಿಯಲ್ಲಿ ಬರೀ ಮಣ್ಣು ಉಳಿದಿತ್ತು. ಮೂರನೆಯ ದಿನ ಅವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಎಣ್ಣೆಯ ಬಾಟಲಿ ಬಗ್ಗಿಸಿದರು. ಎಷ್ಟು ಬಿಡಬೇಕೆಂದು ಅವರಿಗೆ ತಿಳಿದಿರಲಿಲ್ಲ. ಗಟ್ಟಿಯಾದ ಮಣ್ಣು ಎಣ್ಣೆ ಕುಡಿಯಲಿಲ್ಲ, ಡಬ್ಬಿ ತುಂಬಿ ನೆಲದ ಮೇಲೆ ಹರಿಯಿತು. ಸಾಕು ಎಂದೆ. ಅವರು ಬಿಡುತ್ತಲೇ ಇದ್ದರು.