ಯಜಮಾನರು ಒಳಗಿದ್ದಾರೆ

ಗೌನಮ್ಮ ಎಂಬುದು ಆಕೆಗೆ ಹೆತ್ತವರು ಇಟ್ಟ ಹೆಸರಲ್ಲ. ಔಷಧ ಕಾರ್ಖಾನೆಯ ಒಳಕೋಣೆಗಳಲ್ಲಿ ಕೆಲಸ ಮಾಡುವವರು ನೆತ್ತಿಯಿಂದ ಹಿಮ್ಮಡಿವರೆಗೆ ತೊಡುವ ಬಿಳಿ ಗೌನುಗಳನ್ನು ಹೊಲಿದು ಹೊಲಿದು ಅದು ಅಂಟಿಕೊಂಡಿತ್ತು. ಮೊದಲು ಬೀದಿಯವರು ಕೀಟಲೆಗೆಂದು ಕರೆದರು. ಕರೆಂಟು ಬಿಲ್ಲು ತರುವವನೂ ಹಾಗೇ ಕೂಗತೊಡಗಿದ ಮೇಲೆ ಆಕೆ ಓಗೊಡುವುದನ್ನು ಅಭ್ಯಾಸ ಮಾಡಿಕೊಂಡಳು.

ಆ ಗೌನು ಹೊಲಿಯುವುದು ಮಕ್ಕಳಾಟವಲ್ಲ. ಚುಚ್ಚುಮದ್ದನ್ನು ಸೀಸೆಗೆ ತುಂಬುವ ಕೋಣೆಯಲ್ಲಿ ಒಂದೆಳೆ ನೂಲು ಉದುರಿದರೂ ಆ ದಿನದ ಮದ್ದೆಲ್ಲ ಚರಂಡಿ ಪಾಲು. ಹಾಗಾಗಿ ಬಟ್ಟೆಯ ಅಂಚನ್ನು ಎರಡು ಸಲ ಒಳಮಡಚಿ, ಕತ್ತರಿಸಿದ ಜಾಗ ಎಲ್ಲೂ ಕಾಣದಂತೆ ಹೊಲಿಯಬೇಕು. ಮುಗಿದ ಗೌನನ್ನು ಗೌನಮ್ಮ ಒಳಮೈ ಹೊರಗೆ ಮಾಡಿ ಒಂದು ಕರಿ ಬಟ್ಟೆಯಿಂದ ಉಜ್ಜುತ್ತಿದ್ದಳು. ಕರಿ ಬಟ್ಟೆಗೆ ಒಂದು ಬಿಳಿ ಚೂರು ಹತ್ತಿದರೂ ಹೊಲಿಗೆ ಬಿಚ್ಚು ಅನ್ನುವಳು. ಆಕೆಯ ಕೈಕೆಳಗಿನ ಆರು ಮಂದಿ ಹೆಂಗಸರು ಆ ಬಟ್ಟೆಗೆ ‘ಅತ್ತೆ’ ಎಂದು ಹೆಸರಿಟ್ಟಿದ್ದರು. ಎಷ್ಟು ಚೆನ್ನಾಗಿ ಮಾಡಿದರೂ ಏನಾದರೊಂದು ಹುಳುಕು ಹುಡುಕುತ್ತದಲ್ಲ, ಅದಕ್ಕೆ.

ಹನ್ನೊಂದು ವರ್ಷ ಹೀಗೆ ಹೊಲಿದರೂ ಒಂದು ಗೌನಿನ ಕುತ್ತಿಗೆಪಟ್ಟಿಯಲ್ಲೂ ಆಕೆಯ ಹೆಸರಿರಲಿಲ್ಲ. ಊರಾಚೆಯ ದೊಡ್ಡ ಗಾರ್ಮೆಂಟ್ಸಿನವರು ಬಟ್ಟೆಯ ಥಾನು ಕಳಿಸುತ್ತಿದ್ದರು, ಹೊಲಿದದ್ದನ್ನು ಒಯ್ಯುತ್ತಿದ್ದರು, ತಮ್ಮ ಚೀಟಿ ಹಚ್ಚಿ ಕಾರ್ಖಾನೆಗೆ ಕೊಡುತ್ತಿದ್ದರು. ಥಾನು ಬಾರದ ತಿಂಗಳು ಏಳು ಮಷೀನುಗಳೂ ಮುಸುಕು ಹಾಕಿಕೊಂಡು ಕೂರುತ್ತಿದ್ದವು. ಆರು ಮಂದಿ ಹೆಂಗಸರು ಬೆಳಿಗ್ಗೆ ಬಂದು ಮುಖ ನೋಡಿ ವಾಪಸಾಗುತ್ತಿದ್ದರು.

ಅಂಥದ್ದೇ ಒಂದು ತಿಂಗಳಲ್ಲಿ ಸುದ್ದಿ ಬಂತು. ಔಷಧ ಕಾರ್ಖಾನೆಯವರು ಇನ್ನೆರಡು ವರ್ಷದ ಗೌನುಗಳನ್ನು ಹೆಂಗಸರೇ ನಡೆಸುವ ಒಂದು ಘಟಕದಿಂದ ನೇರವಾಗಿ ಕೊಳ್ಳುತ್ತಾರಂತೆ, ಮಧ್ಯದವರು ಇಲ್ಲವಂತೆ. ಆ ಆರ್ಡರು ಕೈಗೆ ಬಂದರೆ ಮಷೀನು ನಿಲ್ಲುವ ಮಾತೇ ಇರುವುದಿಲ್ಲ. ಗೌನಮ್ಮ ಹನ್ನೊಂದು ವರ್ಷದಲ್ಲಿ ಮೊದಲ ಸಲ ಏನನ್ನಾದರೂ ಆಸೆಪಟ್ಟಳು.

ಕಾರ್ಖಾನೆಯ ಪೂರೈಕೆದಾರರ ಸಮಾವೇಶ ಒಂದು ಹೋಟೆಲಿನ ತಣ್ಣನೆಯ ಸಭಾಂಗಣದಲ್ಲಿ ನಡೆಯಿತು. ವೇದಿಕೆಯ ಮೇಲೆ ಒಬ್ಬರಾದ ಮೇಲೊಬ್ಬರು ಎಲ್ಲ ಬಗೆಯವರಿಂದಲೂ ಕೊಳ್ಳಬೇಕೆಂಬ ವೈವಿಧ್ಯದ ಮಹಿಮೆ ಕೊಂಡಾಡಿದರು. ಹೇಳಿದವರೆಲ್ಲ ಒಂದೇ ಬಣ್ಣದ ಕೋಟು ಹಾಕಿಕೊಂಡಿದ್ದರು ಅನ್ನುವುದು ಬೇರೆ ಮಾತು. ಭಾಷಣ ಮುಗಿದ ಮೇಲೆ ಎಲ್ಲರೂ ಕಾಫಿ ಲೋಟ ಹಿಡಿದು ಎದ್ದು ನಿಂತರು, ಇನ್ನು ನೆಟ್‌ವರ್ಕಿಂಗ್ ಎಂದು ಮೈಕಿನಲ್ಲಿ ಹೇಳಿದರು. ಹಾಗೆಂದರೆ ಸಿಕ್ಕವರಿಗೆಲ್ಲ ಕಾರ್ಡು ಕೊಟ್ಟು ಹಲ್ಲು ಕಿರಿಯುವುದು. ಗೌನಮ್ಮನ ಹತ್ತಿರ ಅಚ್ಚು ಹಾಕಿಸಿದ ಕಾರ್ಡು ಎಲ್ಲಿಂದ ಬರಬೇಕು? ಅಳತೆಗೆ ಇಟ್ಟುಕೊಂಡ ರಟ್ಟನ್ನೇ ಚೌಕ ಚೌಕ ಕತ್ತರಿಸಿ, ಫೋನು ನಂಬರು ಬರೆದು ತಂದಿದ್ದಳು. ಖರೀದಿ ವಿಭಾಗದ ಮೇಡಂ ಅದನ್ನು ಅಂಗೈ ಮೇಲಿಟ್ಟು ಖುಷಿಪಟ್ಟರು, ಆಕೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಕೆ ಮಾದರಿಗೆಂದು ತಂದ ಗೌನನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಇಂಥ ಹೊಲಿಗೆ ನಾನು ನೋಡೇ ಇಲ್ಲ, ಒಂದು ಪ್ರಮಾಣಪತ್ರ ಮಾಡಿಸಿಬಿಡಿ, ಉಳಿದದ್ದು ನನಗೆ ಬಿಡಿ ಅಂದರು. ಪಾಪ, ಮನಸ್ಸಿನಿಂದಲೇ ಅಂದರು.

ಪ್ರಮಾಣಪತ್ರವೆಂದರೆ ಘಟಕದ ಒಡೆತನ, ಆಡಳಿತ, ತೀರ್ಮಾನ ಎಲ್ಲವೂ ಹೆಂಗಸಿನದೇ ಎಂಬ ಕಾಗದ. ಕಂಪ್ಯೂಟರ್ ಅಂಗಡಿಯವನು ಅರ್ಜಿ ತುಂಬಿಕೊಟ್ಟ. ಪರಿಶೀಲನೆಗೆ ಬಂದವರು ಮಾಲೀಕರು ಯಾರು ಅಂತ ಕೇಳೇ ಕೇಳ್ತಾರೆ, ನಾನೇ ಮಾಲೀಕಳು ಅಂತ ಎದೆ ಸೆಟೆಸಿ ಹೇಳಬೇಕು ಎಂದು ಪಾಠವನ್ನೂ ಹೇಳಿಕೊಟ್ಟ. ಗೌನಮ್ಮ ಮಷೀನು ತುಳಿಯುತ್ತಲೇ ಅದನ್ನು ಬಾಯಿಪಾಠ ಮಾಡಿದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಪರಿಶೀಲನೆಗೆ ಬಂದ ಅಧಿಕಾರಿ ವಯಸ್ಸಾದವನು, ಮೃದು ಮಾತಿನವನು. ಮಷೀನು ಎಣಿಸಿದ, ಪರವಾನಗಿ ನೋಡಿದ. ಅದು ಆಕೆಯ ಹೆಸರಲ್ಲೇ ಇತ್ತು. ಬ್ಯಾಂಕಿನ ಪುಸ್ತಕ ನೋಡಿದ, ಅದೂ ಆಕೆಯದೇ. ಈಕೆ ಹೆದರಿದ್ದಾಳೆಂದು ಅವನಿಗೆ ಅನ್ನಿಸಿರಬೇಕು. ಕಾಗದವನ್ನು ಮಡಿಲಲ್ಲಿ ಮಗುಚಿಟ್ಟು, ಮನೆಯವನ ಹಾಗೆ ಕೇಳಿದ:

“ಇಲ್ಲಿ ಯಜಮಾನರು ಯಾರಮ್ಮ?”

“ಒಳಗೆ ಮಲಗಿದಾರೆ. ಎಬ್ಬಿಸ್ಲಾ?” ಅಂದಳು ಗೌನಮ್ಮ.

ಮಾಲೀಕ ಎಂದಿದ್ದರೆ ಬಾಯಿಪಾಠ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಯಜಮಾನರು ಎಂದರೆ ಆಕೆಗೆ ಗಂಡ. ಮದುವೆಗೆ ಮುಂಚೆ ಅವನ ಹೊಲಿಗೆ ಅಂಗಡಿಯಲ್ಲೇ ಗುಂಡಿ ಹಾಕಲು ಸೇರಿದವಳು; ಉಳಿದ ಕೆಲಸದವರ ಹಾಗೆ ಯಜಮಾನ್ರೇ ಅನ್ನುತ್ತಿದ್ದಳು. ಕೊರಳಿಗೆ ತಾಳಿ ಬಿದ್ದ ಮೇಲೂ ಅದೇ ಉಳಿಯಿತು. ಬಟ್ಟೆ ಕತ್ತರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿತ್ತು. ಅಂದಿನಿಂದ ಹಿಂದಿನ ಕೋಣೆಯ ಮಂಚ, ರೇಡಿಯೋ, ನಿದ್ದೆ.

ಅಧಿಕಾರಿ ಇನ್ನೊಂದು ಮಾತು ಕೇಳಿದ: ವ್ಯವಹಾರದ ತೀರ್ಮಾನವೆಲ್ಲ ಅವರದೇನಾ? ಅಲ್ಲಿಯಾದರೂ ಎಚ್ಚರವಾಗಬೇಕಿತ್ತು. ಆದರೆ ಹೊರಗಿನವರೆದುರು ಗಂಡನ ಮಾನ ಕಾಯುವುದು ಆಕೆಗೆ ಉಸಿರಾಟದಷ್ಟು ಅಭ್ಯಾಸ. “ಅವರನ್ನ ಕೇಳ್ದೆ ನಾನೇನೂ ಮಾಡಲ್ಲ ಸಾರ್” ಅಂದುಬಿಟ್ಟಳು. ಹಸಿ ಸುಳ್ಳು. ಹನ್ನೊಂದು ವರ್ಷದಲ್ಲಿ ಆಕೆ ಅವನನ್ನು ಕೇಳಿದ್ದು ಇವತ್ತು ಏನು ಅಡುಗೆ ಮಾಡಲಿ ಎಂದು ಮಾತ್ರ. ಅಧಿಕಾರಿ ತಲೆಯಾಡಿಸಿದ, ಬರೆದುಕೊಂಡ, ಕೊಟ್ಟ ಟೀ ಕುಡಿದು ಒಳ್ಳೆಯದಾಗಲಿ ಎಂದು ಹೇಳಿ ಹೋದ.

ಮೂರು ವಾರಕ್ಕೆ ಪತ್ರ ಬಂತು. ಘಟಕದ ನಿಜವಾದ ಯಜಮಾನರು ಪತಿಯೆಂದು ಅರ್ಜಿದಾರರೇ ಹೇಳಿಕೆ ಕೊಟ್ಟಿರುವುದರಿಂದ ಅರ್ಜಿ ತಿರಸ್ಕೃತ. ಗೌನಮ್ಮ ಪತ್ರ ಹಿಡಿದು ಕಾರ್ಖಾನೆಗೆ ಓಡಿದಳು. ಖರೀದಿ ಮೇಡಂ ಕೂರಿಸಿದರು, ನೀರು ಕೊಟ್ಟರು. ನಿಮ್ಮದೇ ಘಟಕ ಅಂತ ನನಗೆ ಗೊತ್ತು, ಆದರೆ ನೀವೇ ಹೇಳಿಕೆ ಕೊಟ್ಟಿದೀರಲ್ಲ, ನನ್ನ ಕೈ ಕಟ್ಟಿಹಾಕಿದಂತಾಯ್ತು ಎಂದು ನೊಂದುಕೊಂಡರು. ಅವರ ಹಿಂದಿನ ಗೋಡೆಯಲ್ಲಿ ವೈವಿಧ್ಯದ ಪೋಸ್ಟರಿತ್ತು. ಅದರೊಳಗಿನಿಂದ ರಟ್ಟಿನ ಕಾರ್ಡು ಹಿಡಿದ ಗೌನಮ್ಮ ಗೌನಮ್ಮನನ್ನೇ ನೋಡಿ ನಗುತ್ತಿದ್ದಳು.

ಆರ್ಡರು ಯಾರಿಗೆ ಹೋಯಿತೆಂದು ಹೇಳಲೇಬೇಕು. ದೊಡ್ಡ ಗಾರ್ಮೆಂಟ್ಸಿನವನು ತನ್ನ ಹೆಂಡತಿಯ ಹೆಸರಲ್ಲಿ ರಾತ್ರೋರಾತ್ರಿ ಒಂದು ಘಟಕ ಹುಟ್ಟಿಸಿದ್ದ. ಆ ಹೆಂಗಸು ಸೂಜಿಗೆ ನೂಲು ಪೋಣಿಸಿದವಳಲ್ಲ. ಆದರೆ ಯಜಮಾನರು ಯಾರೆಂದು ಕೇಳಿದಾಗ ನಾನೇ ಎಂದು ಹೇಳುವುದನ್ನು ಗಂಡ ಸರಿಯಾಗಿ ಕಲಿಸಿದ್ದ. ಕಲಿಸಿದ್ದನ್ನು ಆಕೆ ಚಾಚೂ ತಪ್ಪದೆ ಒಪ್ಪಿಸಿದಳು. ತನ್ನದಲ್ಲದ್ದನ್ನು ತನ್ನದೆಂದವಳಿಗೆ ಕಾಗದ ಸಿಕ್ಕಿತು. ತನ್ನದನ್ನು ತನ್ನದೆನ್ನಲು ನಾಚಿದವಳಿಗೆ ಅದೇ ಹೆಂಗಸಿನ ಘಟಕದಿಂದ ಥಾನು ಬಂತು, ಜೊತೆಗೆ ಆ ಹೆಂಗಸಿನ ಹೆಸರು ನೇಯ್ದ ಚೀಟಿಗಳ ಕಟ್ಟೂ ಬಂತು. ಈ ಸಲ ಚೀಟಿಯನ್ನೂ ಗೌನಮ್ಮನೇ ಹೊಲಿದು ಕೊಡಬೇಕಂತೆ. ಬೇಡವೆನ್ನೋಣವೆಂದರೆ ಆರು ಮಂದಿ ಬಾಗಿಲಲ್ಲಿ ನಿಂತಿದ್ದರು. ಆಕೆ ಥಾನು ಇಳಿಸಿಕೊಂಡಳು.

ಅಂದಿನಿಂದ ಆಕೆ ಗಂಡನೊಂದಿಗೆ ಮಾತು ಬಿಟ್ಟಳು. ತಟ್ಟೆ ಇಡುವಳು, ಮೈ ಒರೆಸುವಳು, ಬಟ್ಟೆ ಬದಲಿಸುವಳು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಒಂದು ವಾರ ಅವನು ಸಹಿಸಿದ. ಒಂದು ಮಧ್ಯಾಹ್ನ ಸೊಟ್ಟಗಾದ ಬಾಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ, ನನ್ನ ಮೇಲೆ ಕೋಪವೇನೇ ಎಂದು ಕೇಳಿದ.

“ನಿಮ್ಮ ಮೇಲಲ್ಲ, ನನ್ನ ಮೇಲೆ” ಅಂದಳು. “ಎಲ್ಲಾ ನಾನೇ ಮಾಡಿ, ಎಲ್ಲಾ ನಿಮ್ದು ಅಂತ ಹೇಳ್ಕೊಂಡು ಬಂದ್ನಲ್ಲ.”

ಅವನು ಎಡಗೈ ಚಾಚಿ ರೇಡಿಯೋ ಆರಿಸಿದ. ಆಮೇಲೆ ಕೇಳಿದ: “ಹಾಗೆ ಹೇಳು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?”

ಗೌನಮ್ಮ ನೆನಪಿಸಿಕೊಂಡು ನೋಡಿದಳು. ಇಲ್ಲ, ಪುಣ್ಯಾತ್ಮ ಒಂದು ದಿನವೂ ಹೇಳಿರಲಿಲ್ಲ. ಹೊಟ್ಟೆ ಉರಿದದ್ದು ಅದಕ್ಕೇ.