ಚಂದ್ರ ಮುನಿಸಿಕೊಂಡ ವಾರ್ಷಿಕೋತ್ಸವ

ಶಾಲೆಯ ವ್ಯಾನು ಓಡಿಸುವವನನ್ನು ಮಕ್ಕಳು ಪೀಪಾಯಿ ಮಾಮ ಎಂದೇ ಕರೆಯುತ್ತಿದ್ದರು. ಅವನಿಗೇನೂ ಬೇಜಾರಿರಲಿಲ್ಲ. ಸ್ಟಿಯರಿಂಗಿಗೂ ಸೀಟಿಗೂ ನಡುವೆ ಹೊಟ್ಟೆಯನ್ನು ಹೊಂದಿಸುವುದರಲ್ಲಿ ಅವನ ಅರ್ಧ ಆಯುಷ್ಯ ಕಳೆದಿತ್ತು. ಉಳಿದರ್ಧ ಹೆಂಡತಿಯನ್ನು ಸಮಾಧಾನ ಮಾಡುವುದರಲ್ಲಿ. ಅವಳು ಅದೇ ಶಾಲೆಯ ಹೊಲಿಗೆ ಟೀಚರು. ಕೈ ಸೂಜಿ, ನಾಲಿಗೆ ಕತ್ತರಿ. ನಿಜವಾಗಿ ಸಿಟ್ಟು ಬಂದರೆ ಮಾತ್ರ ಬಾಯಿಗೆ ಬೀಗ. ಅವನು ಬೈಗುಳಕ್ಕೆ ಜಗ್ಗುತ್ತಿರಲಿಲ್ಲ, ಆ ಬೀಗಕ್ಕೆ ನಡುಗುತ್ತಿದ್ದ.

ಆ ವರ್ಷದ ವಾರ್ಷಿಕೋತ್ಸವಕ್ಕೆ ವಿಜ್ಞಾನದ ಮೇಡಂ ಸೂರ್ಯ, ಭೂಮಿ, ಚಂದ್ರರ ನಾಟಕ ಮಾಡಿಸಲು ಹೊರಟರು. ಭೂಮಿಯನ್ನು ಹುಡುಕಲು ಕಷ್ಟಪಡಬೇಕಾಗಲಿಲ್ಲ.

"ಅಣ್ಣಾ, ನಿಮ್ಮಷ್ಟಕ್ಕೆ ನೀವು ಗಿರಗಿರ ತಿರುಗ್ತಾ ಸೂರ್ಯನ ಸುತ್ತ ಹೋದ್ರೆ ಸಾಕು. ಸ್ವಲ್ಪ ವಾಲ್ಕೊಂಡು. ಭೂಮಿ ವಾಲಿರೋದ್ರಿಂದ್ಲೇ ಬೇಸಿಗೆ, ಚಳಿಗಾಲ ಎಲ್ಲ ಆಗೋದು."

"ಅದಕ್ಕೇನು ಮೇಡಂ, ಊಟ ಆದ್ಮೇಲೆ ತಾನಾಗೇ ವಾಲ್ತೀನಿ."

ಸೂರ್ಯನಾಗಿ ಹೆಡ್‌ಮಾಸ್ಟರು ಹಳದಿ ರೇನ್‌ಕೋಟು ತೊಟ್ಟು ಸ್ಟೂಲಿನ ಮೇಲೆ ನಿಲ್ಲಬೇಕು, ಬೇರೇನೂ ಮಾಡಬೇಕಿಲ್ಲ. ಅವರಿಗೆ ಅದು ರೂಢಿಯಾಗಿತ್ತು. ಚಂದ್ರನ ಪಾತ್ರ ಹೊಲಿಗೆ ಟೀಚರದ್ದು.

"ಚಂದ್ರ ಭೂಮಿಗೆ ಯಾವಾಗ್ಲೂ ಒಂದೇ ಮುಖ ತೋರಿಸ್ತಾನೆ," ಎಂದರು ಮೇಡಂ. "ಸುತ್ತೋವಾಗ ನೀವು ಇವ್ರನ್ನೇ ನೋಡ್ತಿರ್ಬೇಕು."

"ನನ್ನ ಕರ್ಮ," ಎಂದು ಆಕೆ ಒಪ್ಪಿಕೊಂಡಳು.

ಹಳೆಯ ನೀಲಿ ಪರದೆಯಲ್ಲಿ ಸಮುದ್ರ, ಸೋಫಾದ ಕಂದು ಹೊದಿಕೆಯಲ್ಲಿ ನೆಲ ಕತ್ತರಿಸಿ, ಗಂಡನ ಅಳತೆಗೆ ಭೂಮಿ ಹೊಲಿದಳು. ಪರದೆ ಸಾಲದಾದಾಗ ಒಂದು ಮಹಾಸಾಗರವನ್ನೇ ಮಡಚಿ ಹೊಲಿಗೆಯೊಳಗೆ ಸೇರಿಸಿಬಿಟ್ಟಳು. ಆಮೇಲೆ ತಾನು ಹತ್ತಿ ತುಂಬಿದ ಬಿಳಿ ಅಂಗಿ ತೊಟ್ಟು ಎದುರು ನಿಂತಳು.

"ಹೇಗಿದೆ ರೀ?"

"ಚಂದ್ರ ಭೂಮಿಗಿಂತ ಚಿಕ್ಕದಂತೆ ಕಣೇ," ಎಂದ ಪುಣ್ಯಾತ್ಮ. "ಇದು ಸ್ವಲ್ಪ..." ಎಂದು ಎರಡೂ ಕೈ ಅಗಲಿಸಿ ತೋರಿಸಿದ.

ಕೈ ಇಳಿಸುವಷ್ಟರಲ್ಲಿ ಬೀಗ ಬಿದ್ದಾಗಿತ್ತು. ನಾಟಕದ ದಿನದವರೆಗೂ ಆ ಮನೆಯಲ್ಲಿ ಮಾತಾಡಿದ್ದು ಹೊಲಿಗೆಯಂತ್ರ ಒಂದೇ.

ವೇದಿಕೆಯ ಪರದೆ ಸರಿಯಿತು. ಭೂಮಿ ವಾಲಿಕೊಂಡು ತಿರುಗತೊಡಗಿತು. ಚಂದ್ರ ಬಂದಳು, ಭೂಮಿಗೆ ಬೆನ್ನು ಹಾಕಿಕೊಂಡೇ. ಬದಿಯಿಂದ ಮೇಡಂ "ಮುಖ, ಮುಖ" ಎಂದು ಪಿಸುಗುಟ್ಟಿದರೂ ಕೇಳಿಸದವಳಂತೆ ಸುತ್ತಿದಳು. ಭೂಮಿಗೆ ತಡೆಯಲಾಗಲಿಲ್ಲ. ಆದರೆ ತಿರುಗುತ್ತಿರುವವನಿಗೆ ಹೆಂಡತಿ ಎದುರಾದಾಗಷ್ಟೇ ಮಾತು, ಸುತ್ತಿಗೊಂದು ತುಂಡು.

"ಲೇ, ತಪ್ಪಾಯ್ತು ಕಣೇ."

ಒಂದು ಸುತ್ತು.

"ಚಂದ್ರ ಅಂದ್ರೆ ಹೀಗೇ ಇರ್ಬೇಕು."

ಇನ್ನೊಂದು ಸುತ್ತು. ಅಷ್ಟರಲ್ಲಿ ತಲೆ ಗಿರ್ರೆಂದು ದಿಕ್ಕು ತಪ್ಪಿತ್ತು. "ಬೆಳದಿಂಗಳ ಥರ ಇದೀಯ" ಎಂಬುದನ್ನು ನೇರ ಹೆಡ್‌ಮಾಸ್ಟರ ಮುಖಕ್ಕೆ ಹೇಳಿಬಿಟ್ಟ.

"ಥ್ಯಾಂಕ್ಸ್," ಎಂದ ಸೂರ್ಯ.

ಚಂದ್ರ ಕಿಸಕ್ಕನೆ ನಕ್ಕು ಇತ್ತ ತಿರುಗಿದಳು. ಆ ಮುಖ ಕಂಡದ್ದೇ ತಡ, ಅರ್ಧ ಖುಷಿಗೆ ಅರ್ಧ ತಲೆಸುತ್ತಿಗೆ ಭೂಮಿ ಕಕ್ಷೆ ಬಿಟ್ಟು ಸ್ಟೂಲಿಗೆ ಹೋಗಿ ಗುದ್ದಿತು. ಸೂರ್ಯ ಭೂಮಿಯ ಹೊಟ್ಟೆಯ ಮೇಲೆ ಬಿದ್ದ. ಹೊಟ್ಟೆ ಮೆತ್ತಗಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಮೇಡಂ ಓಡಿಬಂದು ಮೈಕು ಹಿಡಿದು, "ಮಕ್ಕಳೇ, ನಿಜವಾಗಿ ಹೀಗಾಗಲ್ಲ, ಧೈರ್ಯವಾಗಿರಿ," ಎಂದರು. ಚಂದ್ರ ಮಾತ್ರ ಗಂಡನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಏಳ್ರೀ, ಹೊಲಿಗೆ ಬಿಚ್ಕೊಳ್ತಿದೆ," ಎಂದು ಮೆಲ್ಲಗೆ ಗದರಿದಳು. ಅವನ ಕಿವಿಗೆ ಅದು ಸಂಗೀತವಾಗಿತ್ತು.

ಪರೀಕ್ಷೆಯಲ್ಲಿ, ಚಂದ್ರನ ಒಂದೇ ಮುಖ ನಮಗೆ ಕಾಣುವುದೇಕೆ ಎಂಬ ಪ್ರಶ್ನೆ ಬಂತು. ತನ್ನ ಸುತ್ತ ತಿರುಗಲೂ ಭೂಮಿಯನ್ನು ಸುತ್ತಿ ಬರಲೂ ಚಂದ್ರನಿಗೆ ಒಂದೇ ಕಾಲ ಹಿಡಿಯುತ್ತದೆ ಎಂದು ಬರೆದವರು ವಿರಳ. ಮಿಕ್ಕವರೆಲ್ಲ, ಭೂಮಿ ತಪ್ಪಾಯ್ತು ಅಂದಿದ್ದರಿಂದ ಎಂದು ಬರೆದಿದ್ದರು. ಮೇಡಂ ತಲೆ ಚಚ್ಚಿಕೊಂಡು ಅರ್ಧ ಅಂಕ ಕೊಟ್ಟರು.

ಮುಂದಿನ ವರ್ಷಕ್ಕೆ ಜೀರ್ಣಾಂಗಗಳ ನಾಟಕವೆಂದು ತೀರ್ಮಾನವಾಯಿತು. ಜಠರದ ಪಾತ್ರ ಯಾರಿಗೆ ಎಂದು ಮೇಡಂ ಕೇಳಲೇ ಇಲ್ಲ. ಎಲ್ಲರೂ ಸುಮ್ಮನೆ ವ್ಯಾನಿನ ಕಡೆ ನೋಡಿದರು.